ಎತ್ತಿಗೆ ಜ್ವರ, ರೂಟರ್‌ಗೆ ಬರೆ

ಸಂಜೆ ಏಳರ ನಂತರ ನನ್ನ ಲ್ಯಾಪ್‌ಟಾಪ್‌ಗೂ ವೈಫೈಗೂ ಆಗಿಬರುತ್ತಿರಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಕುಳಿತರೆ ಮೀಟಿಂಗ್‌ಗಳು, ದಪ್ಪ ದಪ್ಪ ಫೈಲುಗಳು, ಯಾವುದಕ್ಕೂ ತಕರಾರಿಲ್ಲ. ಸಂಜೆ ಕೈಕಾಲು ಚಾಚಿ ಏನಾದರೂ ನೋಡೋಣವೆಂದು ಕುಳಿತ ಹತ್ತೇ ನಿಮಿಷಕ್ಕೆ ಪರದೆಯ ಮೇಲಿನ ಮನುಷ್ಯ ಬಾಯಿ ತೆರೆದಂತೆಯೇ ನಿಂತುಬಿಡುತ್ತಿದ್ದ. ಅವನ ಮೂಗಿನ ಮೇಲೊಂದು ಉಂಗುರ ಸುತ್ತತೊಡಗುತ್ತಿತ್ತು.

ಪೂರ್ತಿ ಕಡಿದುಹೋಗಿದ್ದರೆ ಅದೊಂದು ಸಮಾಧಾನ. ಇದು ಬಂದು ಹೋಗುವ ಕಾಯಿಲೆ. ನಾವು ಮಾಡಿದ ಪ್ರತಿಯೊಂದು ಮದ್ದಿಗೂ ಒಮ್ಮೆ ತಲೆಬಾಗಿ, ನಮ್ಮನ್ನು ವೈದ್ಯರೆಂದೇ ನಂಬಿಸಿ, ಮರುದಿನ ಸಂಜೆ ಮತ್ತೆ ಹಾಜರಾಗುವ ಜಾತಿಯದು. ಮನೆಯಲ್ಲಿ ಇಂತಹ ವಿಷಯಕ್ಕೆಲ್ಲ ನಾನೇ ಪಂಡಿತ. ಹಾಗಾಗಿಯೇ ಮೂರು ವಾರ ಹಿಡಿಯಿತು. ಪಂಡಿತನಲ್ಲದವನು ಮೂರನೆಯ ದಿನಕ್ಕೆ ಬೇರೆ ಯಾರಿಗಾದರೂ ತೋರಿಸುತ್ತಿದ್ದ.

ಮೊದಲ ದಿನ ಎಲ್ಲರೂ ಮಾಡುವುದನ್ನೇ ಮಾಡಿದೆ. ಲ್ಯಾಪ್‌ಟಾಪ್ ಮುಚ್ಚಿಟ್ಟು, ಎದ್ದು ಹೋಗಿ, ರೂಟರ್‌ನ ಪ್ಲಗ್ ಕಿತ್ತು, ಮೂವತ್ತರವರೆಗೆ ಎಣಿಸಿ ಮತ್ತೆ ಸಿಕ್ಕಿಸಿದೆ. ದೀಪಗಳು ಒಂದೊಂದಾಗಿ ಹತ್ತಿಕೊಂಡವು. ಬಂದು ಲ್ಯಾಪ್‌ಟಾಪ್ ತೆರೆದರೆ ಎಲ್ಲ ಸರಿಯಾಗಿದೆ! ಎರಡನೆಯ ದಿನವೂ ಇದೇ ಮದ್ದು, ಇದೇ ಗುಣ. ಅಲ್ಲಿಗೆ ರೂಟರೇ ಅಪರಾಧಿ ಎಂದು ತೀರ್ಪಾಯಿತು.

ರಿಸ್ಟಾರ್ಟ್ ಮಾಡುವುದನ್ನು ನಾನು ಹೀಗಳೆಯುವುದಿಲ್ಲ. ರೂಟರ್ ಎಂದರೂ ಒಂದು ಪುಟ್ಟ ಕಂಪ್ಯೂಟರೇ. ತಿಂಗಳುಗಟ್ಟಲೆ ಬಿಡುವಿಲ್ಲದೆ ದುಡಿದರೆ ಅದರ ನೆನಪಿನಲ್ಲೂ ಕಸ ಕೂಡುತ್ತದೆ. ಮರಳಿ ಎದ್ದಾಗ ಅನೇಕ ರೂಟರ್‌ಗಳು ಸುತ್ತಲಿನ ಗದ್ದಲ ನೋಡಿ ಚಾನೆಲನ್ನೂ, ಅಂದರೆ ತಾವು ಮಾತನಾಡುವ ರೇಡಿಯೋ ಅಲೆಯ ಓಣಿಯನ್ನೂ, ಹೊಸದಾಗಿ ಆರಿಸಿಕೊಳ್ಳುತ್ತವೆ. ಎಷ್ಟೋ ಸಲ ಅಷ್ಟರಿಂದಲೇ ನಿಜವಾಗಿ ವಾಸಿಯಾಗುತ್ತದೆ. ನನ್ನ ತಕರಾರು ಇಷ್ಟೇ: ರಿಸ್ಟಾರ್ಟ್ ರೋಗದ ಜೊತೆಗೆ ಸಾಕ್ಷ್ಯವನ್ನೂ ತೊಳೆದುಬಿಡುತ್ತದೆ. ಕಳ್ಳತನವಾದ ಕೋಣೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಸಾರಿಸಿದ ಹಾಗೆ.

ನಾಲ್ಕನೆಯ ದಿನ ಒಂದು ಹಳೆಯ ನೋಟ್‌ಬುಕ್ ತೆಗೆದು ಬರೆದಿಡತೊಡಗಿದೆ. ಸೋಮವಾರ 7.40. ಮಂಗಳವಾರ 8.05. ಬುಧವಾರ 7.20. ಬೆಳಗಿನ ಕಡೆ ಒಂದೂ ಇಲ್ಲ. ಇಷ್ಟು ಸೊಗಸಾದ ಪಟ್ಟಿ ಕೈಯಲ್ಲಿದ್ದರೆ ಸಿದ್ಧಾಂತ ತಾನಾಗಿಯೇ ಹುಟ್ಟಿಕೊಳ್ಳುತ್ತದೆ: ಸಂಜೆ ಅಕ್ಕಪಕ್ಕದವರೆಲ್ಲ ಮನೆಗೆ ಬರುತ್ತಾರೆ, ಎಲ್ಲರ ವೈಫೈಯೂ ಒಟ್ಟಿಗೆ ಬಾಯಿ ಮಾಡುತ್ತದೆ, ಆ ಗದ್ದಲದಲ್ಲಿ ನನ್ನದು ಕೇಳಿಸದಾಗುತ್ತದೆ.

ಸಿದ್ಧಾಂತದಲ್ಲಿ ಹುರುಳಿಲ್ಲದೇ ಇರಲಿಲ್ಲ. ಹೆಚ್ಚು ದೂರ ಹೋಗುವ ವೈಫೈ ನಡೆಯುವುದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ. ಅಲ್ಲಿ 13 ಚಾನೆಲ್‌ಗಳಿವೆ, ಕೆಲವು ದೇಶಗಳಲ್ಲಿ 11. ಆದರೆ ಒಂದು ಚಾನೆಲ್‌ಗೂ ಮುಂದಿನದಕ್ಕೂ ನಡುವಿನ ಅಂತರ ಬರೀ 5 ಮೆಗಾಹರ್ಟ್ಸ್, ಒಂದು ಸಂಪರ್ಕಕ್ಕೆ ಬೇಕಾಗುವ ಅಗಲವೋ ಕನಿಷ್ಠ 20. ಉದ್ದದ ಬೆಂಚಿನ ಮೇಲೆ ಹದಿಮೂರು ಗುರುತು ಹಾಕಿದ್ದಾರೆ, ಬಂದು ಕೂರುವವರೆಲ್ಲ ನಾಲ್ಕು ಗುರುತಿನಷ್ಟು ದಪ್ಪ ಇದ್ದಾರೆ ಎಂದುಕೊಳ್ಳಿ. ಒಬ್ಬರ ಮೈ ಒಬ್ಬರಿಗೆ ತಾಗದಂತೆ ಕೂರಬೇಕಾದರೆ ಸಾಮಾನ್ಯವಾಗಿ 1, 6, 11 ಎಂಬ ಮೂರೇ ಜಾಗ. ನಡುವೆ ಖಾಲಿ ಇದೆಯಲ್ಲ ಎಂದು ಯಾರಾದರೂ 3ರಲ್ಲೋ 4ರಲ್ಲೋ ಕುಳಿತರೆ ಇತ್ತ 1ರವರಿಗೂ ಅತ್ತ 6ರವರಿಗೂ ಮೊಣಕೈ ತಿವಿತ. ಸಾಲದ್ದಕ್ಕೆ ಇದೇ ಬೆಂಚಿನ ಮೇಲೆ ಬ್ಲೂಟೂತ್ ಸೆಕೆಂಡಿಗೆ 1600 ಸಲದವರೆಗೂ ಜಾಗ ಬದಲಿಸುತ್ತ ಓಡಾಡುತ್ತಿರುತ್ತದೆ. ಮೈಕ್ರೋವೇವ್ ಒಲೆ ಗುಂಯ್‌ಗುಡುವುದೂ 2.45ರ ಆಸುಪಾಸಿನಲ್ಲೇ.

ಹೀಗಾಗಿ ರೂಟರ್‌ನ ಮೇಲೆ ಬಿದ್ದೆ. ಚಾನೆಲನ್ನು 6ರಿಂದ 1ಕ್ಕೆ, 1ರಿಂದ 11ಕ್ಕೆ ಎತ್ತಿಹಾಕಿದೆ. 5 ಗಿಗಾಹರ್ಟ್ಸ್‌ನ ವೈಫೈಗೆ ಬೇರೆಯೇ ಹೆಸರು ಕೊಟ್ಟು ಲ್ಯಾಪ್‌ಟಾಪನ್ನು ಅಲ್ಲಿಗೆ ಒಕ್ಕಲೆಬ್ಬಿಸಿದೆ. ಅಲ್ಲಿ ಇನ್ನೂ ಅಧ್ವಾನವಾಯಿತು. ಅದಕ್ಕೂ ಕಾರಣ ಸಿದ್ಧವಿತ್ತು: ಗೋಡೆ ದಾಟುವಾಗ 5 ಗಿಗಾಹರ್ಟ್ಸ್ ಹೆಚ್ಚು ಸೊರಗುತ್ತದೆ, ಗೊತ್ತಿರುವ ವಿಷಯವೇ. ರೂಟರನ್ನು ಕಪಾಟಿನ ನೆತ್ತಿಗೇರಿಸಿದೆ. ಯಾರಾದರೂ ಕದ್ದು ಬಳಸುತ್ತಿರಬಹುದೆಂಬ ಗುಮಾನಿ ಹೊಕ್ಕು ಪಾಸ್‌ವರ್ಡ್ ಬದಲಿಸಿದೆ, ಹೆಸರನ್ನೂ ಬದಲಿಸಿದೆ. ಪ್ರತಿ ಸಲವೂ ಮನೆಯ ಫೋನುಗಳಿಗೆಲ್ಲ ಹೊಸ ಗುಟ್ಟನ್ನು ಹೇಳಿಕೊಡಬೇಕಾಗುತ್ತಿತ್ತು.

"ಅಪ್ಪಾ, ನನ್ನ ಫೋನಿನಲ್ಲಿ ಮೊದಲೂ ಚೆನ್ನಾಗಿಯೇ ಬರುತ್ತಿತ್ತಲ್ಲ?" ಎಂದಳು ಮಗಳು, ಮೂರನೆಯ ಸಲ ಪಾಸ್‌ವರ್ಡ್ ಒತ್ತುತ್ತ.

"ಫೋನ್ ಬೇರೆ, ಲ್ಯಾಪ್‌ಟಾಪ್ ಬೇರೆ ಪುಟ್ಟಿ" ಎಂದೆ, ದೊಡ್ಡ ವಿಷಯ ತಿಳಿಸಿದವನಂತೆ. ಆ ಮಾತು ಅಕ್ಷರಶಃ ನಿಜವಾಗಿತ್ತು. ಹೇಳಿದ ನನ್ನ ಕಿವಿಗೇ ಅದು ಬೀಳಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಬರೆ ಹಾಕುತ್ತಿರುವವನಿಗೆ ತನ್ನ ಮುಂದಿರುವುದು ಎಮ್ಮೆ ಎಂದು ತಿಳಿಯುವುದು ಯಾವಾಗಲೂ ಆಮೇಲೆಯೇ.

ಇಂಟರ್ನೆಟ್ ಕಂಪನಿಗೂ ಫೋನ್ ಮಾಡಿ ಜೋರು ಮಾಡಿದೆ. ಬೆಳಗ್ಗೆ ಹನ್ನೊಂದಕ್ಕೆ ಹುಡುಗನೊಬ್ಬ ಬಂದ. ಮೇಜಿನ ಮೇಲಿದ್ದ ನನ್ನ ಲ್ಯಾಪ್‌ಟಾಪ್‌ನಲ್ಲೇ ವೇಗ ಅಳೆದು ತೋರಿಸಿದ. ಕಂಪನಿ ಮಾತು ಕೊಟ್ಟಷ್ಟೂ ಬರುತ್ತಿತ್ತು. "ಎಲ್ಲ ಸರಿಯಾಗಿಯೇ ಇದೆಯಲ್ಲ ಸರ್" ಎಂದ, ಪಾಪ, ಮೆಲ್ಲಗೆ. ಸಂಜೆ ಬರಬೇಕಿತ್ತಪ್ಪಾ ಎಂದು ಹೇಳಹೊರಟವನು ಸುಮ್ಮನಾದೆ.

ಅವನು ಹೋದ ಮೇಲೆ ನಾಚಿಕೆಯಾಗಿ, ಎಲ್ಲಕ್ಕಿಂತ ಮೊದಲು ಮಾಡಬೇಕಾಗಿದ್ದ ಕೆಲಸಕ್ಕೆ ಕೈಹಾಕಿದೆ. ವೈಫೈ ಬೇರೆ, ಇಂಟರ್ನೆಟ್ ಬೇರೆ ಎಂಬುದನ್ನು ನಾವು ಮಾತಿನಲ್ಲಿ ಮರೆತುಬಿಟ್ಟಿದ್ದೇವೆ. "ವೈಫೈ ಇಲ್ಲ" ಎನ್ನುತ್ತೇವೆ, ಇಲ್ಲದಿರುವುದು ಇಂಟರ್ನೆಟ್ ಆಗಿರುತ್ತದೆ. ಲ್ಯಾಪ್‌ಟಾಪ್‌ನಿಂದ ರೂಟರ್‌ವರೆಗಿನ ಗಾಳಿಯ ದಾರಿ ಮಾತ್ರ ವೈಫೈ. ಆಚೆಯದು ತಂತಿಯ ಲೋಕ, ಅದಕ್ಕೆ ಅದರದೇ ಆದ ಕಾಯಿಲೆಗಳು. ಕಂಪ್ಯೂಟರ್ ಕೂಡ ಇವೆರಡನ್ನು ಬೇರೆ ಬೇರೆಯಾಗಿಯೇ ನೋಡುತ್ತದೆ. ವಿಂಡೋಸ್‌ನ ಮೂಲೆಯಲ್ಲಿ "ಸಂಪರ್ಕವಿದೆ, ಇಂಟರ್ನೆಟ್ ಇಲ್ಲ" ಎಂದು ಬರುತ್ತದಲ್ಲ, ಅದರ ಹಿಂದಿನ ಪರೀಕ್ಷೆ ಬಹಳ ಸರಳ. ಅದು ಮೈಕ್ರೋಸಾಫ್ಟ್‌ನ ಒಂದು ವಿಳಾಸದಿಂದ ಚಿಕ್ಕ ಫೈಲೊಂದನ್ನು ತರಿಸಿಕೊಳ್ಳಲು ನೋಡುತ್ತದೆ. ಆ ಫೈಲಿನಲ್ಲಿರುವುದು "ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್" ಎಂಬ ಮೂರೇ ಪದ. ಅದು ಸಿಕ್ಕರೆ ಇಂಟರ್ನೆಟ್ ಇದೆ, ಸಿಗದಿದ್ದರೆ ಇಲ್ಲ. ಇಂಟರ್ನೆಟ್ ಸಂಚಾರವನ್ನು ಬೇರೆ ದಾರಿಯಲ್ಲಿ ಸಾಗಿಸುವ ವಿಪಿಎನ್ನೋ ಮತ್ತೊಂದೋ ಆ ಒಂದು ಫೈಲಿಗೆ ಅಡ್ಡ ಬಂದರೆ, ಪುಟಗಳೆಲ್ಲ ತೆರೆಯುತ್ತಿದ್ದರೂ ಇಂಟರ್ನೆಟ್ ಇಲ್ಲ ಎಂದೇ ಅದು ಹಟ ಹಿಡಿಯುತ್ತದೆ.

ಎಲ್ಲಿ ಕಡಿದಿದೆ ಎಂದು ಹುಡುಕುವುದಕ್ಕೆ ಪಿಂಗ್‌ನಷ್ಟು ಒಳ್ಳೆಯ ಉಪಕರಣವನ್ನು ನಾನು ಕಂಡಿಲ್ಲ. ಮೈಕ್ ಮೂಸ್ ಎಂಬಾತ 1983ರ ಡಿಸೆಂಬರ್‌ನಲ್ಲಿ ಬರೆದ ಪುಟ್ಟ ಪ್ರೋಗ್ರಾಂ ಅದು. ಜಲಾಂತರ್ಗಾಮಿಗಳನ್ನು ಪತ್ತೆ ಮಾಡುವ ಸೋನಾರ್‌ನ ಸದ್ದೇ ಅದಕ್ಕೆ ಹೆಸರಾಯಿತು. ಕೂಗು ಹಾಕುವುದು, ಮಾರ್ದನಿ ಬರಲು ಎಷ್ಟು ಹೊತ್ತಾಯಿತೆಂದು ಎಣಿಸುವುದು, ಅಷ್ಟೇ ಅದರ ಕೆಲಸ. ಮೊದಲು ರೂಟರ್‌ಗೆ ಕೂಗಬೇಕು. ಬಹಳ ಮನೆಗಳಲ್ಲಿ ಅದರ ವಿಳಾಸ 192.168.1.1 ಅಥವಾ 192.168.0.1. ಅದು ಓಗೊಟ್ಟರೆ ಗಾಳಿಯ ದಾರಿ ಸರಿಯಿದೆ. ಆಮೇಲೆ ಹೊರಗಿನ ಒಂದು ಅಂಕಿಯ ವಿಳಾಸ, 8.8.8.8 ಇಟ್ಟುಕೊಳ್ಳಿ. ಅದೂ ಓಗೊಟ್ಟರೆ ತಂತಿಯೂ ಸರಿ. ಅಂಕಿಗೆ ಓಗೊಟ್ಟು ಹೆಸರಿಗೆ ಓಗೊಡದಿದ್ದರೆ ಹೆಸರನ್ನು ಅಂಕಿಯಾಗಿಸುವ ಡಿಎನ್‌ಎಸ್ ಕೆಟ್ಟಿದೆ. ಇನ್ನು ಲ್ಯಾಪ್‌ಟಾಪ್‌ನ ಸ್ವಂತ ವಿಳಾಸವೇ 169.254ರಿಂದ ಶುರುವಾಗುತ್ತಿದ್ದರೆ ಮುಂದೆ ಹೋಗುವುದೇ ಬೇಡ. ರೂಟರ್‌ನಿಂದ ವಿಳಾಸ ಸಿಗದೆ ತನಗೆ ತಾನೇ ಒಂದನ್ನು ಕೊಟ್ಟುಕೊಂಡು ಕುಳಿತಿದೆ ಎಂದರ್ಥ.

ಆ ಸಂಜೆ ಕೂಗಿ ನೋಡಿದರೆ, ಎರಡು ಕೋಣೆ ಆಚೆಗಿದ್ದ ನನ್ನದೇ ರೂಟರ್ ಓಗೊಡುತ್ತಿರಲಿಲ್ಲ. ಜೋರು ಮಾಡಿಸಿಕೊಂಡ ಕಂಪನಿ ನಿರಪರಾಧಿ ಎಂದಾಯಿತು.

ಉಳಿದದ್ದು ಇಬ್ಬರು: ಲ್ಯಾಪ್‌ಟಾಪ್, ರೂಟರ್. ಇಬ್ಬರಲ್ಲಿ ಒಬ್ಬರನ್ನು ಬದಲಿಸಿ ನೋಡುವುದು ಇಂತಹ ಹುಡುಕಾಟದ ಮೊದಲ ಪಾಠ. ಮೊಬೈಲ್‌ನ ಹಾಟ್‌ಸ್ಪಾಟ್ ಹಾಕಿಕೊಂಡು ಅದೇ ಸಂಜೆ, ಅದೇ ಕುರ್ಚಿಯಲ್ಲಿ ಕುಳಿತು ಒಂದು ಗಂಟೆ ನೋಡಿದೆ. ಒಂದು ಸಲವೂ ಕಡಿಯಲಿಲ್ಲ. ಅಂದರೆ ಲ್ಯಾಪ್‌ಟಾಪ್ ಚೆನ್ನಾಗಿದೆ! ನೋಟ್‌ಬುಕ್‌ನಲ್ಲಿ "ಲ್ಯಾಪ್‌ಟಾಪ್ ನಿರ್ದೋಷಿ" ಎಂದು ಬರೆದು ಅಡಿಗೆರೆಯನ್ನೂ ಎಳೆದೆ. ಇಡೀ ಮೂರು ವಾರದಲ್ಲಿ ನಾನು ಮಾಡಿದ ಅತ್ಯಂತ ಶಾಸ್ತ್ರೀಯವಾದ ಪರೀಕ್ಷೆ ಅದು. ನನ್ನನ್ನು ಅತಿ ಹೆಚ್ಚು ದಾರಿ ತಪ್ಪಿಸಿದ್ದೂ ಅದೇ. ಮೊಬೈಲ್ ಇದ್ದದ್ದು ಕುರ್ಚಿಯ ತೋಳಿನ ಮೇಲೆ, ಲ್ಯಾಪ್‌ಟಾಪ್‌ನಿಂದ ಒಂದು ಅಡಿ ದೂರದಲ್ಲಿ. ಕಿವಿ ಮಂದವಾದವರಿಗೂ ಮಗ್ಗುಲಲ್ಲಿ ಕುಳಿತು ಮಾತನಾಡಿದರೆ ಕೇಳಿಸುತ್ತದೆ. ಕೇಳುವುದಿಲ್ಲ ಎಂಬುದು ಗೊತ್ತಾಗುವುದು ಆಚೆ ಕೋಣೆಯಿಂದ ಕರೆದಾಗ.

ಆದರೂ ಲ್ಯಾಪ್‌ಟಾಪ್‌ಗೆ ಒಂದಿಷ್ಟು ಚಿಕಿತ್ಸೆಯಾಗಲಿ ಎಂದು ತಂತ್ರಾಂಶದ ಕಡೆಯ ಮಾಮೂಲು ಕೆಲಸಗಳನ್ನೂ ಮಾಡಿದೆ. ವೈಫೈ ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ ಹೊಸದು ಹಾಕಿದೆ, ಹಳೆಯದಕ್ಕೆ ಮರಳಿದೆ. ವಿದ್ಯುತ್ ಉಳಿಸಲೆಂದು ವೈಫೈ ಕಾರ್ಡನ್ನು ಆಫ್ ಮಾಡಲು ಕಂಪ್ಯೂಟರ್‌ಗೆ ಕೊಟ್ಟಿದ್ದ ಅನುಮತಿಯನ್ನು ಕಿತ್ತುಕೊಂಡೆ. ಗುರುತಿದ್ದ ನೆಟ್‌ವರ್ಕನ್ನು ಮರೆಸಿ ಮತ್ತೆ ಪರಿಚಯಿಸಿದೆ. ಈ ಪಟ್ಟಿ ನಿಮಗೂ ಬಾಯಿಪಾಠ ಇರುತ್ತದೆ, ಬೆಳೆಸುವುದಿಲ್ಲ. ಹಿಂದೊಮ್ಮೆ ಇದೇ ಪಟ್ಟಿಯನ್ನು ಪೂರ್ತಿ ಮಾಡಿ ಸೋತ ಮೇಲೆ, ತಪ್ಪು ಗಡಿಯಾರದಲ್ಲಿ ಸಿಕ್ಕಿತ್ತು. ಹಳೆಯ ಕಂಪ್ಯೂಟರ್ ಒಂದರ ಒಳಗಿನ ಬಿಲ್ಲೆಯಂತಹ ಬ್ಯಾಟರಿ ಸತ್ತು ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಹೋಗಿತ್ತು. ಆ ತಾರೀಕಿನಲ್ಲಿ ಇನ್ನೂ ಹುಟ್ಟಿರದ ಭದ್ರತಾ ಪ್ರಮಾಣಪತ್ರಗಳನ್ನು ಬ್ರೌಸರ್ ನಂಬುವುದಾದರೂ ಹೇಗೆ? ವೈಫೈ ಗಟ್ಟಿಯಾಗಿತ್ತು, ಪುಟ ಮಾತ್ರ ಒಂದೂ ತೆರೆಯುತ್ತಿರಲಿಲ್ಲ.

ಕೊನೆಗೆ ಉತ್ತರ ಸಿಕ್ಕಿದ್ದು ಒಂದು ಭಾನುವಾರ ಬೆಳಗ್ಗೆ, ಹುಡುಕದೇ ಇದ್ದಾಗ. ಮೇಜಿನ ಮುಂದೆ ಕುಳಿತಿದ್ದೆ. ಹಿಂದಿನ ರಾತ್ರಿ ರೂಟರ್‌ಗೆ ಹಚ್ಚಿಟ್ಟಿದ್ದ ಪಿಂಗ್ ಪರದೆಯ ಮೂಲೆಯ ಕಪ್ಪು ಚೌಕದಲ್ಲಿ ಇನ್ನೂ ಓಡುತ್ತಿತ್ತು: 3 ಮಿಲಿಸೆಕೆಂಡ್, 2, 3, 4, 3. ಕಿಟಕಿಯ ಬಿಸಿಲು ಪರದೆಗೆ ಹೊಡೆಯುತ್ತಿದ್ದುದರಿಂದ ಅದನ್ನು ಹಿಂದಕ್ಕೆ ಬಾಗಿಸಿದೆ. 3, 4, 187, 912, ಆಮೇಲೆ ಉತ್ತರವಿಲ್ಲ, ಉತ್ತರವಿಲ್ಲ. ಬಿಸಿಲು ಇನ್ನೂ ಕಣ್ಣಿಗೇ ಬರುತ್ತಿದ್ದುದರಿಂದ ಮತ್ತೆ ಮುಂದಕ್ಕೆ ಎಳೆದೆ. 5, 3, 3.

ಕೈ ಪರದೆಯ ಅಂಚಿನಲ್ಲೇ ನಿಂತಿತು. ಮೆಲ್ಲಗೆ ಹಿಂದಕ್ಕೆ: ಉತ್ತರವಿಲ್ಲ. ಮುಂದಕ್ಕೆ: 3. ಹಿಂದಕ್ಕೆ: ಉತ್ತರವಿಲ್ಲ. ಒಬ್ಬನೇ ಕುಳಿತು ಲ್ಯಾಪ್‌ಟಾಪ್‌ನ ಮುಚ್ಚಳವನ್ನು ಬೀಸಣಿಗೆಯಂತೆ ಆಡಿಸುತ್ತಿದ್ದವನನ್ನು ಯಾರಾದರೂ ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ.

ಸಿಗ್ನಲ್ ಅಳೆಯುವ ಪುಟ್ಟ ತಂತ್ರಾಂಶವೊಂದನ್ನು ಹಾಕಿಕೊಂಡು ನೋಡಿದೆ. ಪರದೆ ನೆಟ್ಟಗಿದ್ದಾಗ ಮೈನಸ್ 51 ಡಿಬಿಎಂ, ಒರಗಿದಾಗ ಮೈನಸ್ 83. ಈ ಲೆಕ್ಕದಲ್ಲಿ ಸೊನ್ನೆ ಎಂದರೆ ಒಂದು ಮಿಲಿವ್ಯಾಟ್, ಪ್ರತಿ ಹತ್ತು ಮೆಟ್ಟಿಲು ಇಳಿದಂತೆ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ. ಮೈನಸ್ 70 ಎಂದರೆ ಮಿಲಿವ್ಯಾಟ್‌ನ ಕೋಟಿಯಲ್ಲೊಂದು ಪಾಲು. ಅಷ್ಟರಲ್ಲೇ ವೈಫೈ ಕಾರ್ಡ್ ಪುಟಗಳನ್ನು ತೆರೆದುಕೊಡುತ್ತದೆ ಎಂಬುದನ್ನು ನೆನೆದರೆ ಅದನ್ನು ಬೈಯಲು ಬಾಯಿ ಬರುವುದಿಲ್ಲ. ನನ್ನ ಲ್ಯಾಪ್‌ಟಾಪ್ ಮಾತ್ರ ಪರದೆ ಒರಗಿಸಿದ ಕ್ಷಣದಲ್ಲಿ, ಇದ್ದದ್ದರ ಒಂದೂವರೆ ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತಿತ್ತು.

ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಕಾರ್ಡ್ ಇರುವುದು ಕೀಲಿಮಣೆಯ ಕೆಳಗೆ, ಆಂಟೆನಾ ಇರುವುದು ಪರದೆಯ ಚೌಕಟ್ಟಿನೊಳಗೆ, ಎತ್ತರದಲ್ಲಿ. ಎರಡನ್ನೂ ಕೂಡಿಸುವ ತೆಳ್ಳನೆಯ ತಂತಿಗಳು ಕೀಲಿನ ಮೂಲಕವೇ ಹಾಯಬೇಕು. ಮುಚ್ಚಿ ತೆರೆದಾಗಲೆಲ್ಲ ಆ ತಂತಿಗಳೂ ಬಾಗಿ ನೆಟ್ಟಗಾಗುತ್ತವೆ. ಹಗಲು ಮೇಜಿನ ಮುಂದೆ ನನ್ನ ಪರದೆ ನೆಟ್ಟಗಿರುತ್ತಿತ್ತು. ಸಂಜೆ ಒರಗು ಕುರ್ಚಿಯಲ್ಲಿ ತೊಡೆಯ ಮೇಲಿಟ್ಟುಕೊಂಡಾಗ ಅದೂ ನನ್ನಂತೆಯೇ ಹಿಂದಕ್ಕೆ ಒರಗುತ್ತಿತ್ತು. ನೋಟ್‌ಬುಕ್ ಸುಳ್ಳು ಹೇಳಿರಲಿಲ್ಲ. ನಾನು ಗಂಟೆಯನ್ನು ಬರೆದೆ, ಕುರ್ಚಿಯನ್ನು ಬರೆಯಲಿಲ್ಲ. ರಿಸ್ಟಾರ್ಟ್‌ನ ಪವಾಡವೂ ಅಷ್ಟೇ. ರೂಟರ್ ಬಳಿ ಹೋಗಬೇಕಾದರೆ ಲ್ಯಾಪ್‌ಟಾಪ್ ಮುಚ್ಚಬೇಕು, ಬಂದು ತೆರೆಯಬೇಕು. ಆ ಅಲುಗಾಟದಲ್ಲಿ ತುಂಡಾದ ತಂತಿ ಸ್ವಲ್ಪ ಹೊತ್ತು ಕೂಡಿಕೊಳ್ಳುತ್ತಿತ್ತು. ನಾನು ಕಪಾಟಿನ ಕಡೆಗೆ ಕೃತಜ್ಞತೆಯಿಂದ ನೋಡುತ್ತಿದ್ದೆ.

ಬ್ಯಾಟರಿಯ ಸಂಪರ್ಕ ತಪ್ಪಿಸಿ ಕೆಳಗಿನ ಮುಚ್ಚಳ ಬಿಚ್ಚಿದೆ. ವೈಫೈ ಕಾರ್ಡ್ ಎಂದರೆ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡ ಹಲಗೆ. ಅದರ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಅಗಲದ ಎರಡು ಚಿನ್ನದ ಬಣ್ಣದ ಬಳೆಗಳು, ಒಂದು ಬಿಳಿ ತಂತಿಗೆ, ಇನ್ನೊಂದು ಕಪ್ಪಿಗೆ. ಬಿಳಿಯದು ತನ್ನ ಜಾಗದಲ್ಲಿತ್ತು. ಅದರ ಬೆನ್ನು ಹಿಡಿದು ಕೀಲಿನವರೆಗೆ ಹೋದರೆ ಅಲ್ಲಿ ಹೊದಿಕೆ ಸವೆದು ಒಳಗಿನ ಜಾಲರಿ ಕೂದಲುಕೂದಲಾಗಿ ಎದ್ದಿತ್ತು. ಇಷ್ಟು ನಿರೀಕ್ಷಿಸಿದ್ದೇ.

ನಿರೀಕ್ಷಿಸದೇ ಇದ್ದದ್ದು ಕಪ್ಪು ತಂತಿ. ಅದು ಎಲ್ಲಿಗೂ ಸಿಕ್ಕಿಕೊಂಡಿರಲಿಲ್ಲ. ಕಾರ್ಡಿನ ಪಕ್ಕದಲ್ಲಿ ಒಂದಿಷ್ಟು ಧೂಳು ಹೊದ್ದು ಮಲಗಿತ್ತು. ಯಾರು ಕಳಚಿದರು ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಈ ಮುಚ್ಚಳವನ್ನು ಇದುವರೆಗೆ ಬಿಚ್ಚಿದವನು ಒಬ್ಬನೇ. ಹಿಂದಿನ ವರ್ಷ ಹೆಚ್ಚಿನ ಮೆಮೊರಿ ಹಾಕಲೆಂದು ಬಿಚ್ಚಿ, ಕೈಗೆ ಅಡ್ಡ ಬರುತ್ತಿದ್ದ ತಂತಿಯನ್ನು ಸರಿಸಿ, ಮುಗಿದ ಮೇಲೆ ಎಷ್ಟು ನಾಜೂಕಾಗಿ ಮಾಡಿದೆ ಎಂದು ಮನೆಯಲ್ಲಿ ಹೇಳಿಕೊಂಡಿದ್ದೆ. ಅಂದಿನಿಂದ ಆ ಲ್ಯಾಪ್‌ಟಾಪ್ ಒಂದೇ ಕಿವಿಯಲ್ಲಿ ಕೇಳುತ್ತ ನನ್ನ ಕೆಲಸವನ್ನೆಲ್ಲ ಮಾಡಿಕೊಟ್ಟಿದೆ. ಆ ಕಿವಿಯೂ ಸೋತಾಗ ಮಾತ್ರ ದೂರು ಹೇಳಿತು. ನಾನು ಅದನ್ನು ರೂಟರ್‌ನ ಮೇಲೆ ಬರೆದುಕೊಂಡೆ.

ಕಪ್ಪು ತಂತಿಯ ತುದಿಯನ್ನು ಬಳೆಯ ಮೇಲೆ ನೇರವಾಗಿಟ್ಟು ಉಗುರಿನಿಂದ ಒತ್ತಿದೆ. ಓರೆಯಾಗಿ ಒತ್ತಿದರೆ ಬಳೆ ಚಪ್ಪಟೆಯಾಗುತ್ತದೆ. ಇಂತಹ ಕೆಲವು ಕನೆಕ್ಟರ್‌ಗಳ ಆಯಸ್ಸನ್ನು ತಯಾರಕರೇ 30 ಸಲ ಹಾಕಿ ತೆಗೆಯುವಷ್ಟು ಎಂದು ಬರೆದಿರುತ್ತಾರೆ. ಎರಡು ಸಲ ಜಾರಿತು. ಮೂರನೆಯ ಸಲ ಟಿಕ್ ಎಂದಿತು. ಕಿವಿಗೆ ಕೇಳಿಸುವುದಕ್ಕಿಂತ ಬೆರಳಿಗೇ ಹೆಚ್ಚು ತಿಳಿಯುವ ಸದ್ದು ಅದು.

ಹೊಸ ಆಂಟೆನಾ ತಂತಿ ಕೈಸೇರುವವರೆಗೆ ಯುಎಸ್‌ಬಿಗೆ ಸಿಕ್ಕಿಸುವ ಗುಬ್ಬಿಯಷ್ಟು ವೈಫೈ ಅಡಾಪ್ಟರ್ ಒಂದನ್ನು ಬಳಸಿದೆ. ಎರಡನೆಯ ದಿನ ಅದೂ ಕೈಕೊಟ್ಟಿತು. ಈ ಸಲ ಯಾರನ್ನೂ ಬೈಯದೆ ಮೊದಲು ಪಿಂಗ್ ಹಚ್ಚಿ, ಸುತ್ತ ಏನೇನಿದೆ ಎಂದು ನೋಡಿದೆ. ಪಕ್ಕದ ಕಿಂಡಿಯಲ್ಲಿ ಹಾರ್ಡ್ ಡಿಸ್ಕ್ ಇತ್ತು. ಯುಎಸ್‌ಬಿ 3.0 ಸಾಧನಗಳ ವಿದ್ಯುತ್ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಗೂ ಚೆಲ್ಲುತ್ತದೆ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಡಿಸ್ಕ್ ತೆಗೆದರೆ 3, 3, 4. ಹಾಕಿದರೆ ಇನ್ನೂರು, ಮುನ್ನೂರು. ಅಡಾಪ್ಟರನ್ನು ಇನ್ನೊಂದು ಬದಿಗೆ ಹಾಕಿದೆ. ಒಟ್ಟು ಹತ್ತು ನಿಮಿಷ.

ತಂತಿ ಬದಲಾಗಿ ಈಗ ಎರಡು ತಿಂಗಳು. ಪರದೆ ಯಾವ ಕೋನದಲ್ಲಿದ್ದರೂ ಮೈನಸ್ 50ರ ಆಸುಪಾಸು. ರೂಟರ್‌ಗೆ ಹಾಕಿದ ಬರೆಗಳು ಮಾತ್ರ ಹಾಗೆಯೇ ಉಳಿದಿವೆ. ಅದು ಈಗಲೂ ಕಪಾಟಿನ ನೆತ್ತಿಯ ಮೇಲೆ, ಹೊಸ ಹೆಸರು ಹೊತ್ತು, 11ನೇ ಚಾನೆಲ್‌ನಲ್ಲಿ ಕುಳಿತಿದೆ. ಹಳೆಯದನ್ನೆಲ್ಲ ಮರಳಿಸೋಣವೆಂದರೆ ಮತ್ತೆ ಎಲ್ಲರ ಫೋನಿಗೂ ಪಾಸ್‌ವರ್ಡ್ ಹೇಳಬೇಕು, ಆ ಧೈರ್ಯ ನನಗಿಲ್ಲ.

ಆ ಗಡಿಬಿಡಿಯಲ್ಲಿ ಹೊಸ ಹೆಸರನ್ನು ಒಂದು ಯಂತ್ರಕ್ಕೆ ಹೇಳುವುದು ಮರೆತೇಹೋಗಿತ್ತು. ಮೊನ್ನೆ ಮಗಳು ಶಾಲೆಯ ಯಾವುದೋ ಹಾಳೆಗಾಗಿ ಒಳಕೋಣೆಗೆ ಹೋದವಳು ಅಲ್ಲಿಂದಲೇ ಕೂಗಿದಳು:

"ಅಪ್ಪಾ, ಪ್ರಿಂಟರ್ ಕೆಟ್ಟುಹೋಗಿದೆ!"